ಕೌಲ್ ಬಜಾರ್ ಎಂಬ್ರಾಯ್ಡರಿ ಮಷಿನ್ನು, 43 ಫ್ಲಾಪಿ, ಮತ್ತ ಒಂದು ಹದ್ದಿನ ರೆಕ್ಕಿ

ಬಳ್ಳಾರಿ ಕೌಲ್ ಬಜಾರ್‌ದಾಗ ಪರಿಚಯದ ಸಾಹುಕಾರ್ರದು ಒಂದು ಸಣ್ಣ ಜೀನ್ಸ್ ಯೂನಿಟ್ ಐತಿ. ಹದಿನೈದು ಹೊಲಿಗಿ ಮಷಿನ್, ಮೂಲಿಯಾಗ ಒಂದು ಆರು ಹೆಡ್ಡಿನ, ಅಂದ್ರ ಒಮ್ಮೆಗೇ ಆರು ಪೀಸ್ ಹೊಡಿಯೋ, ಎಂಬ್ರಾಯ್ಡರಿ ಮಷಿನ್. ಹಿಂದಿನ ಪಾಕೆಟ್ ಇನ್ನೂ ಕಟ್ ಪೀಸ್ ಇದ್ದಾಗ್ಲೇ ಇದ್ರಾಗ ಡಿಸೈನ್ ಹೊಡಿತಾರ, ಆಮ್ಯಾಲೆ ಪ್ಯಾಂಟಿಗೆ ಕೂಡಿಸ್ತಾರ. ಮಷಿನ್ ಹಳೇದು, ಡಿಸೈನ್ ತಗೊಳ್ಳೋದು ಮೂರೂವರೆ ಇಂಚಿನ ಫ್ಲಾಪಿಯಿಂದ ಮಾತ್ರ. ಆ ಡ್ರೈವ್ ಕೆಟ್ಟು ಹತ್ತು ದಿನ ಮಷಿನ್ ನಿಂತಿತ್ತು. "ತಮ್ಮಾ, ಎಲ್ಲಾದ್ರೂ ಒಂದು ಫ್ಲಾಪಿ ಡ್ರೈವ್ ಸಿಗ್ತೈತೇನು ನೋಡಪಾ, ಹೈದ್ರಾಬಾದ್ ಪಾರ್ಟಿ ದಿನಾ ಫೋನ್ ಮಾಡಾಕ ಹತ್ತ್ಯಾರ" ಅಂತ ಸಾಹುಕಾರ್ರು ನಂಗ ಕರದ್ರು. ನಂದು ಕಂಪ್ಯೂಟರ್ ರಿಪೇರಿ ಅಂಗಡಿ, ಹಳೆ ಸಾಮಾನು ಎಸೆಯೋ ರೂಢಿ ನಂಗಿಲ್ಲ, ಅದಕ್ಕ ನನ್ನ ನೆನಪಾಗಿತ್ತು ಅವರಿಗೆ.

ಹೋಗಿ ನೋಡಿದೆ. ಫ್ಲಾಪಿ ಹಾಕಿದ್ರ ಡಿಸೈನ್ ಹೆಸರಿನ ಪಟ್ಟಿ ಪೂರ್ತಿ ಬರ್ತೈತಿ, ಆದ್ರ ಯಾವ್ದು ಒತ್ತಿದ್ರೂ ಲೋಡ್ ಆಗಂಗಿಲ್ಲ. ಮೂರು ಫ್ಲಾಪಿ ಹಾಕಿದ್ರೂ ಅದೇ ಕಥಿ. ಇಪ್ಪತ್ತು ವರ್ಷದಿಂದ ಈ ಮಷಿನ್ ನಡಸೋ ಆಪರೇಟರ್ ಚಾಚಾ ಅಂದ್ರು, ಒಂದು ಫ್ಲಾಪಿಯ ತಗಡಿನ ಬಾಗಿಲು ಸೊಟ್ಟಾಗಿತ್ತು, ಒಳಗ ಸಿಕ್ಕಾಕ್ಕೊಂತು, ಎಳದು ತಗದ್ವಿ, ಅವತ್ತಿಂದ ಹಿಂಗ. ಡ್ರೈವ್ ಬಿಚ್ಚಿದ ಕೂಡ್ಲೇ ಕಾಣಿಸ್ತು. ಡಿಸ್ಕಿನ ಎರಡು ಕಡೆ ಓದಾಕ ಕೆಳಗೊಂದು ಮ್ಯಾಲೊಂದು ಹೆಡ್ ಇರ್ತಾವು, ಮ್ಯಾಲಿನದು ಕೂದಲಿನಷ್ಟು ತೆಳ್ಳಗಿರೋ ಸ್ಪ್ರಿಂಗ್ ತಗಡಿನ ಮ್ಯಾಲೆ ಕುಂತಿರ್ತೈತಿ, ಆ ಸೊಟ್ಟ ಬಾಗಿಲು ಅದನ್ನ ಕಿತ್ತು ಒಂದು ಕಡಿ ವಾಲಿಸಿ ಬಿಟ್ಟಿತ್ತು. ಸುತ್ತ ನೀಲಿ ಡೆನಿಮ್ ಎಳಿ, ಮಷಿನ್ ಎಣ್ಣಿ, ಎರಡೂ ಕೂಡಿ ಗಟ್ಟಿ ಹತ್ತಿ ಆಗಿತ್ತು. ಆ ಹೆಡ್ ಸೆಟ್ ಮಾಡಾಕ ಬರಂಗಿಲ್ಲ, ಮಾಡಿದ್ರೂ ಅದರ ಕೆಳಗ ಇನ್ನೊಂದು ಫ್ಲಾಪಿ ಇಡೋ ಧೈರ್ಯ ನಂಗಿಲ್ಲ.

ಸಾಹುಕಾರ್ರು ಯೂಟ್ಯೂಬ್‌ದಾಗ ನೋಡಿದ್ರಂತ, "ಪೆನ್ ಡ್ರೈವ್ ಹಾಕೋ ಡಬ್ಬಿ ಬರ್ತೈತಂತಲ್ಲ, ಅದನ್ನ ಹಾಕಿ ಬಿಡು, ಫ್ಲಾಪಿ ಎಲ್ಲಾ ಕಸಕ್ಕ ಹಾಕೋಣ" ಅಂದ್ರು. ಅಲ್ಲಿ ನಾನು ಗಟ್ಟಿಯಾಗಿ ಬ್ಯಾಡ ಅಂದೆ. ಡಬ್ಬಿ ಹಾಕೋದು ಅರ್ಧ ದಿನದ ಕೆಲಸ, ಆದ್ರ ಅದು ಖಾಲಿ ಡಬ್ಬಿ. ಡಿಸೈನ್ ಇರೋದು ಆ 43 ಫ್ಲಾಪಿಯಾಗ ಮಾತ್ರ, ಪಂಚಿಂಗ್, ಅಂದ್ರ ಚಿತ್ರಾನ ಸ್ಟಿಚ್ ಫೈಲ್, ಮಾಡಿಕೊಟ್ಟಾಂವ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆತು, ಇನ್ನೊಂದು ಕಾಪಿ ಯಾರ ಕಡೆನೂ ಇಲ್ಲ. ಸೋನಿನೇ 2011ರಾಗ ಫ್ಲಾಪಿ ಮಾರೋದು ನಿಲ್ಲಿಸ್ತು, ಅಂದ್ರ ಈ ಡಿಸ್ಕ್‌ಗಳ ವಯಸ್ಸು ನೀವೇ ಲೆಕ್ಕ ಹಾಕ್ರಿ. ಮೊದಲು ಪ್ರತಿಯೊಂದು ಫ್ಲಾಪಿದೂ ಪೂರ್ತಿ ಇಮೇಜ್, ಬರೀ ಫೈಲ್ ಕಾಪಿ ಅಲ್ಲ, ಮೊದಲನೇ ಸೆಕ್ಟರ್‌ನಿಂದ ಕೊನೇ ಸೆಕ್ಟರ್ ತನಕ ಇದ್ದಿದ್ದು ಇದ್ದಂಗ (ಸೆಕ್ಟರ್ ಅಂದ್ರ ಡಿಸ್ಕಿನ ಬರಹದ ಒಂದೊಂದು ತುಂಡು). ಆಮ್ಯಾಲೆ ಮಷಿನ್ ಮುಟ್ಟೋದು. ಸಾಹುಕಾರ್ರು ಒಪ್ಪಿದ್ರು, ಫ್ಲಾಪಿ ಇದ್ದ ಡಬ್ಬಿ ಕೈಯಾಗ ಕೊಟ್ಟು ಚಾಚಾನ್ನ ಜೊತಿಗೆ ಕಳಿಸಿದ್ರು.

ಅಂಗಡಿಯಾಗ ಯುಎಸ್‌ಬಿ ಫ್ಲಾಪಿ ಡ್ರೈವ್ ಇತ್ತು, ಲಿನಕ್ಸ್ ಲ್ಯಾಪ್‌ಟಾಪಿಗೆ ಹಚ್ಚಿದೆ. ಮೊದಲನೇ ಫ್ಲಾಪಿ ಹಾಕಿದೆ, ಸೊನ್ನೆ ಸೆಕ್ಟರ್‌ನಿಂದನೇ ಎರರ್. ಎರಡನೇದು, ಅದೂ ಎರರ್. ಐದು ಹಾಕಿದ್ರೂ ಒಂದು ಬೈಟ್ ಬರ್ಲಿಲ್ಲ. ಎದಿ ಧಸಕ್ ಅಂತು. ಡ್ರೈವ್ ಕೆಟ್ಟೈತೇನು ಅಂತ ನನ್ನ ಹಳೆ ಬೂಟ್ ಫ್ಲಾಪಿ ಹಾಕಿ ನೋಡಿದೆ, ಚಲೋ ಓದ್ತು. ಚಾಚಾ ಮಾತ್ರ ಗಾಬರಿ ಆಗ್ಲಿಲ್ಲ, "ಮೊನ್ನೆ ತನಕ ಓಡಿದ ಮಾಲ್ ಬೇಟಾ, ಐದೂ ಒಮ್ಮೆಗೇ ಹೆಂಗ ಸಾಯ್ತಾವು?" ಅಂದ್ರು.

ಅದೇ ಮಾತು ನನ್ನ ತಲಿಯಾಗ ಕುಂತ್ಕಂತು. ಫ್ಲಾಪಿ ಎತ್ತಿ ಬೆಳಕಿಗೆ ಹಿಡದೆ. ಎರಡೂ ಮೂಲಿಯಾಗ ತೂತು. ಒಂದು ಕಡೆ ತೂತಿಗೆ ಜಾರೋ ಪ್ಲಾಸ್ಟಿಕ್ ಬಿಲ್ಲೆ ಇರ್ತೈತಿ, ಅದು ರೈಟ್ ಪ್ರೊಟೆಕ್ಟ್, ತೂತು ತೆರೆದಿದ್ರ ಬರಿಯಾಕ ಆಗಂಗಿಲ್ಲ. ಇನ್ನೊಂದು ಕಡಿ ಬಿಲ್ಲೆ ಇಲ್ಲದ ತೂತು, ಅದು ಎಚ್‌ಡಿ (ಹೈ ಡೆನ್ಸಿಟಿ, ಹೆಚ್ಚು ಹಿಡಿಯೋ ಡಿಸ್ಕ್) ಗುರ್ತು, 1.44 ಎಂಬಿ ಡಿಸ್ಕಿಗೆ ಮಾತ್ರ ಇರೋದು. ಮಷಿನ್ ಹಳೆ ಕಾಲದ್ದು, ಅದಕ್ಕ ಗೊತ್ತಿರೋದು 720 ಕೆಬಿ ಒಂದೇ, ಆ ತೂತಿನ ಕಡೆ ಅದು ನೋಡೋದೇ ಇಲ್ಲ. ಪ್ಯಾಟಿಯಾಗ ಸಿಗ್ತಿದ್ದಿದ್ದು ಎಚ್‌ಡಿ ಫ್ಲಾಪಿ, ಅದನ್ನ ತಂದು ಮಷಿನ್‌ದಾಗನೇ ಫಾರ್ಮ್ಯಾಟ್ ಮಾಡ್ಯಾರ, ಮಷಿನ್ ಅದರ ಮ್ಯಾಲೆ 720ನೇ ಬರದೈತಿ. ನನ್ನ ಯುಎಸ್‌ಬಿ ಡ್ರೈವ್ ತೂತು ನೋಡಿ ಇದು 1.44 ಅಂತ ತಿಳ್ಕಂಡು ಸೆಕೆಂಡಿಗೆ 500 ಕಿಲೋಬಿಟ್ ಲೆಕ್ಕದಾಗ ಓದಾಕ ಹೋಗ್ತೈತಿ, ಡಿಸ್ಕಿನ ಮ್ಯಾಲೆ ಇರೋದು 250ರ ಲೆಕ್ಕದ ಬರಹ. ಎಲ್ಲಿ ಓದ್ತೈತಿ?

ವೈರಿಗೆ ಸುತ್ತೋ ಕರೀ ಟೇಪ್ ಒಂದು ಚೂರು ಕತ್ತರಿಸಿ ಎಚ್‌ಡಿ ತೂತಿಗೆ ಎರಡೂ ಕಡಿಯಿಂದ ಮಡಚಿ ಅಂಟಿಸಿದೆ, ತುದಿ ಏಳದಂಗ ಉಗುರಿಲೆ ಒತ್ತಿದೆ, ಯಾಕಂದ್ರ ಒಳಗ ಟೇಪ್ ಬಿಚ್ಚಿಕೊಂಡ್ರ ಇನ್ನೊಂದು ಡ್ರೈವ್ ಹೋಗ್ತೈತಿ. ಮತ್ತ ಹಾಕಿದೆ. ಡ್ರೈವ್ ಒಂದು ಸಲ ಕರ್ ಅಂತು, ಸೈಜ್ 720 ಕೆ ಅಂತ ತೋರಿಸ್ತು, ಡೈರೆಕ್ಟರಿ ತಗದ್ರ 24 ಡಿಸೈನ್ ಹೆಸರು ಸಾಲಾಗಿ ಬಂದ್ವು. ಚಾಚಾ ಕುರ್ಚಿ ಮುಂದ ಎಳಕೊಂಡು ಒಂದೊಂದು ಹೆಸರು ಓದಿ ಅದು ಯಾವ ಪಾರ್ಟಿದು ಅಂತ ಹೇಳಾಕ ಶುರು ಮಾಡಿದ್ರು.

ಇಲ್ಲೇ ಇನ್ನೊಂದು ಗಂಟೂ ಬಿಚ್ಕಂತು, ಮಷಿನ್‌ದಾಗ ಹೆಸರು ಬಂದು ಡಿಸೈನ್ ಯಾಕ ಬರ್ತಿರ್ಲಿಲ್ಲ ಅನ್ನೋದು. 720 ಕೆಬಿ ಡಿಸ್ಕಿಗೆ ಒಂದು ಕಡೆ 80 ಟ್ರ್ಯಾಕ್ (ಉಂಗುರದಂಥ ಸುತ್ತು), ಟ್ರ್ಯಾಕಿಗೆ 9 ಸೆಕ್ಟರ್. ಕೆಳಗಿನ ಕಡೆ ಮೊದಲ ಟ್ರ್ಯಾಕ್‌ದಾಗ ಬೂಟ್ ಸೆಕ್ಟರ್ 1, ಯಾವ ಫೈಲ್ ಎಲ್ಲೈತಿ ಅಂತ ಹೇಳೋ ಫ್ಯಾಟ್ ಟೇಬಲ್ 3, ಅದರದೇ ಎರಡನೇ ಕಾಪಿ 3, ಅಲ್ಲಿಗೆ 7 ಆತು. ಉಳಿದ ಎರಡು ಸೆಕ್ಟರ್‌ದಾಗ ಹೆಸರಿನ ಪಟ್ಟಿ ಶುರು. ಒಂದು ಹೆಸರಿಗೆ 32 ಬೈಟ್, 512 ಬೈಟಿನ ಸೆಕ್ಟರಿಗೆ 16 ಹೆಸರು, ಎರಡಕ್ಕ 32. ಫ್ಲಾಪಿಯಾಗ 24 ಡಿಸೈನ್ ಇದ್ರ ಪಟ್ಟಿ ಪೂರ್ತಿ ಕೆಳಗಿನ ಹೆಡ್ಡಿಗೇ ಸಿಕ್ಕು ಬಿಡ್ತೈತಿ, ಆದ್ರ ಡಿಸೈನ್ ಶುರುವಾಗೋದು ಅದರ ಮುಂದ, ಮ್ಯಾಲಿನ ಕಡೆ, ಮುರಿದ ಹೆಡ್ಡಿನ ಕಡೆ.

ಇಮೇಜ್ ತೆಗಿಯಾಕ ಡಿಡಿರೆಸ್ಕ್ಯೂ ಬಳಸಿದೆ. ಲಿನಕ್ಸಿನ ಸಾದಾ ಕಾಪಿ ಪ್ರೋಗ್ರಾಮ್ ಡಿಡಿ ಎರರ್ ಬಂದಲ್ಲೇ ನಿಂತು ಬಿಡ್ತೈತಿ, ಇದು ಹಂಗಲ್ಲ, ಬಂದಷ್ಟು ಮೊದಲು ತಗೊಂಡು, ಬರ್ಲಾರದ ಸೆಕ್ಟರ್ ಯಾವ್ಯಾವು ಅಂತ ಒಂದು ಮ್ಯಾಪ್ ಫೈಲ್‌ದಾಗ ಬರದಿಟ್ಟು, ಆಮ್ಯಾಲೆ ಅವನ್ನ ಮಾತ್ರ ಮತ್ತ ಮತ್ತ ಕೇಳ್ತೈತಿ. ಆ ಮ್ಯಾಪ್ ಫೈಲ್ ಇದ್ರ ಡ್ರೈವ್ ಬದಲಾಯಿಸಿ, ನಾಳೆ ಬಂದು, ಬಿಟ್ಟಲ್ಲಿಂದ್ಲೇ ಮುಂದುವರಸಬೌದು. ಫೈಲಿಗೆ ಫ್ಲಾಪಿ ಚೀಟಿ ಮ್ಯಾಲಿನ ನಂಬರ್ರೇ ಹೆಸರು, ಚೀಟಿದು ಮೊಬೈಲ್‌ದಾಗ ಒಂದು ಫೋಟೋ, ಯಾಕಂದ್ರ ಚಾಚಾ ಪೆನ್ಸಿಲ್‌ನ್ಯಾಗ ಬರದ ದಾರದ ಬಣ್ಣದ ವಿವರ ಆ ಚೀಟಿ ಮ್ಯಾಲೆ ಬಿಟ್ರ ಎಲ್ಲೂ ಇಲ್ಲ. ಚಲೋ ಇರೋ ಡಿಸ್ಕ್ ಒಂದು ನಿಮಿಷದ ಆಸುಪಾಸು ಮುಗಿತೈತಿ. ಇಮೇಜ್ ಸರಿಯಾಗಿ 7,37,280 ಬೈಟ್ ಇರ್ಬೇಕು, ಒಂದು ಬೈಟ್ ಹೆಚ್ಚು ಕಡಿಮಿ ಇದ್ರ ಏನೋ ತಪ್ಪೈತಿ ಅಂತ ಅರ್ಥ.

ಹೊಸದಾಗಿ ಮಾಡೋರಿಗೆ ಒಂದು ಮಾತು, ಇದನ್ನ ದಯವಿಟ್ಟು ಹಗುರಾಗಿ ತಗೋಬ್ಯಾಡ್ರಿ. ಫ್ಲಾಪಿ ಡ್ರೈವಿಗೆ ಹಾಕೋಕ್ಕಿಂತ ಮುಂಚೆ ಬಾಗಿಲು ಸರಿಸಿ, ಹಿಂದಿನ ಲೋಹದ ಬಿಲ್ಲೆ ಬೆರಳಿಲೆ ತಿರುಗಿಸ್ತಾ ಡಿಸ್ಕ್ ಒಂದು ಸುತ್ತು ನೋಡ್ರಿ. ಬೆಳ್ಳಗ ಬೂಸು ಕಂಡ್ರ, ಇಲ್ಲಾ ಗೆರಿ ಗೆರಿ ಉಂಗುರ ಕಂಡ್ರ ಹಾಕಬ್ಯಾಡ್ರಿ. ಓಡೋವಾಗ ಉಜ್ಜೋ ಶಬ್ದ ಬಂದ್ರ ಆ ಕ್ಷಣನೇ ತಗೀರಿ, ಹೆಡ್ಡಿಗೆ ಹತ್ತಿದ ಹೊಲಸು ಆ ಡಿಸ್ಕನ್ನೂ ಕೆರೀತೈತಿ, ಮುಂದಿನ ಡಿಸ್ಕನ್ನೂ ಕೆರೀತೈತಿ. ಇವು ಜೀನ್ಸ್ ಯೂನಿಟ್ ಫ್ಲಾಪಿ, ನೀಲಿ ಎಳಿ ಇಲ್ಲದ್ದು ಒಂದೂ ಇರ್ಲಿಲ್ಲ, ನಾಲ್ಕು ಡಿಸ್ಕಿಗೊಮ್ಮೆ ಡ್ರೈವ್ ಬಿಚ್ಚಿ ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎರಡೂ ಹೆಡ್ ಒರಸಿದೆ, ಮ್ಯಾಲಿನ ಹೆಡ್ ಎತ್ತಿ ಒರಸಬಾರ್ದು, ಇದ್ದಲ್ಲೇ ಮೆಲ್ಲಗ.

ಎರಡು ದಿನದಾಗ 36 ಫ್ಲಾಪಿ ಒಂದೂ ತಪ್ಪಿಲ್ಲದಂಗ ಬಂದ್ವು. 5 ಸತಾಯಿಸಿದ್ವು. ಅವನ್ನ ನನ್ನ ಕಡೆ ಇದ್ದ ಇನ್ನೆರಡು ಡ್ರೈವಿಗೆ ಹಾಕಿದೆ, ಅದೇ ಮ್ಯಾಪ್ ಫೈಲ್ ಕೊಟ್ಟು. ಒಂದೊಂದು ಡ್ರೈವಿನ ಹೆಡ್ ಕೂದಲಷ್ಟು ಆಚೀಚೆ ಕುಂತಿರ್ತೈತಿ, ಒಂದಕ್ಕ ಕಾಣದ ಸೆಕ್ಟರ್ ಇನ್ನೊಂದಕ್ಕ ಕಾಣಿಸ್ತೈತಿ, ಹಂಗ ಐದೂ ತುಂಬಿಕೊಂಡ್ವು. ಕೊನಿಗೆ ಉಳಿದಿದ್ದು ಎರಡು, 17 ಮತ್ತ 31. 17ರಾಗ ಒಂದೇ ಒಂದು ಸೆಕ್ಟರ್, ನಲವತ್ತು ಸಲ ಕೇಳಿದ್ರೂ ಬರ್ಲಿಲ್ಲ.

ಮ್ಯಾಪ್ ಫೈಲ್ ನೋಡಿ ಆ ಸೆಕ್ಟರ್ ಯಾವ ಫೈಲಿನ ಪಾಲು ಅಂತ ಹುಡುಕಿದೆ. ಎರಡು ರೆಕ್ಕಿ ಬಿಚ್ಚಿದ ಹದ್ದು. ಚಾಚಾ ಮುಖ ಸಣ್ಣದಾತು. "ಅದೇ ಬೇಟಾ ಹೈದ್ರಾಬಾದ್‌ನೋರು ಕೇಳೋದು."

ಇದು ಡಿಎಸ್‌ಟಿ ಫೈಲು, ಎಂಬ್ರಾಯ್ಡರಿ ಲೈನ್‌ದಾಗ ಎಲ್ಲಾರೂ ಬಳಸೋದು, ತಜಿಮಾ ಮಷಿನ್‌ಗಳಿಂದ ಬಂದ ಫಾರ್ಮ್ಯಾಟ್. ಪೂರ್ತಿ ಹದ್ದು ಬರೀ 19 ಕೆಬಿ. ಮೊದಲ 512 ಬೈಟ್ ಹೆಡರ್, ಅದ್ರಾಗ ಡಿಸೈನ್ ಹೆಸರು, ಎಷ್ಟು ಸ್ಟಿಚ್, ಎಷ್ಟು ಸಲ ಬಣ್ಣ ಬದಲು ಅಂತ ಸಾದಾ ಅಕ್ಷರದಾಗ್ಲೇ ಬರದಿರ್ತೈತಿ. ಆಮ್ಯಾಲೆ ಒಂದು ಸ್ಟಿಚ್ಚಿಗೆ 3 ಬೈಟ್. ಆ 3 ಬೈಟ್‌ದಾಗ ಸೂಜಿ ಎಲ್ಲಿಗೆ ಹೋಗ್ಬೇಕು ಅಂತ ಇರಂಗಿಲ್ಲ, ಈಗ ಇರೋ ಜಾಗದಿಂದ ಎಷ್ಟು ಸರೀಬೇಕು ಅಂತ ಇರ್ತೈತಿ. ಲೆಕ್ಕ 0.1 ಮಿಲಿಮೀಟರ್‌ದಾಗ, 1, 3, 9, 27, 81 ಅಂತ ತೂಕದ ಬಟ್ಟು ಇದ್ದಂಗ, ಕೂಡ್ಸೋದು ಕಳಿಯೋದು ಮಾಡಿ ಯಾವ ಅಂಕಿ ಬೇಕಾದ್ರೂ ಮಾಡ್ತಾರ, ಎಲ್ಲಾ ಕೂಡಿದ್ರ 121, ಅಂದ್ರ ಒಂದು ಸ್ಟಿಚ್‌ದಾಗ 12.1 ಮಿಲಿಮೀಟರ್‌ಗಿಂತ ಹೆಚ್ಚು ಸರಿಯಾಕ ಆಗಂಗಿಲ್ಲ. ಹಿಂಗ ಇರೋದ್ರಿಂದ ಒಂದು ಸೆಕ್ಟರ್ ಹೋದ್ರ ಬರೀ 171 ಸ್ಟಿಚ್ ಹೋಗಂಗಿಲ್ಲ, ಅವು ಸರಿಸಬೇಕಿದ್ದ ದೂರನೂ ಹೋಗ್ತೈತಿ, ಅದರ ಮುಂದಿನ ಡಿಸೈನ್ ಎಲ್ಲಾ ಜಾಗ ಬಿಟ್ಟು ಬಂದು ಕುಂದರ್ತೈತಿ. ಸ್ಕ್ರೀನ್ ಮ್ಯಾಲೆ ತಗದು ನೋಡಿದ್ರ ಹಂಗೇ ಆಗಿತ್ತು, ಎಡಗಡಿ ರೆಕ್ಕಿ ಅರ್ಧಕ್ಕ ನಿಂತು, ಕೊಕ್ಕು ಕುತ್ತಿಗಿ ಎಲ್ಲಾ ಆ ರೆಕ್ಕಿ ಮ್ಯಾಲೆ ಹತ್ತಿ ಕುಂತಿದ್ವು.

ಎಷ್ಟು ಜಾರೈತಿ ಅಂತ ತಿಳಿಯಾಕ ಹೆಡರ್‌ದಾಗ್ಲೇ ದಾರಿ ಇತ್ತು. ಕೊನೇ ಸ್ಟಿಚ್ ಶುರುವಿನ ಜಾಗದಿಂದ ಎಷ್ಟು ದೂರ ಅಂತ ಎಎಕ್ಸ್, ಎವೈ ಅಂತ ಎರಡು ಅಂಕಿ ಅಲ್ಲಿರ್ತಾವು. ಇದ್ರಾಗ ಎರಡೂ ಸೊನ್ನೆ, ಅಂದ್ರ ಹೊಲಿದು ಮುಗಿದ ಮ್ಯಾಲೆ ಸೂಜಿ ಶುರುವಿಗೇ ವಾಪಸ್ ಬರ್ಬೇಕು. ಪೈಥಾನ್‌ದಾಗ ಪೈಎಂಬ್ರಾಯ್ಡರಿ ಅನ್ನೋ ಲೈಬ್ರರಿ ಐತಿ, ಅದ್ರಿಂದ ಉಳಿದ ಎಲ್ಲಾ ಸ್ಟಿಚ್ ಕೂಡಿಸಿದೆ. ಅಡ್ಡಕ್ಕ ಮೈನಸ್ 143, ಉದ್ದಕ್ಕ ಪ್ಲಸ್ 62 ಬಂತು. ಅಲ್ಲಿಗೆ ಕಳದ ಸೆಕ್ಟರ್ ಒಟ್ಟು ಸರಿಸಬೇಕಿದ್ದು ಬಲಕ್ಕ 14.3 ಮಿಲಿಮೀಟರ್, ಕೆಳಕ್ಕ 6.2. 143 ಒಂದೇ ಹೆಜ್ಜಿಗೆ ಆಗಂಗಿಲ್ಲ, ಎರಡು ಜಂಪ್ ಮಾಡಿ ಹಾಕಿದೆ. ಕೊಕ್ಕು ಕುತ್ತಿಗಿ ಬಲಗಡಿ ರೆಕ್ಕಿ ಎಲ್ಲಾ ಸರಕ್ಕಂತ ತಮ್ಮ ಜಾಗಕ್ಕ ಬಂದು ನಿಂತ್ವು. ಆ ಕ್ಷಣ ಮರಿಯಾಕ ಆಗಂಗಿಲ್ಲ. ಚಾಚಾ ಏನೂ ಮಾತಾಡ್ಲಿಲ್ಲ, ನನ್ನ ಬೆನ್ನು ತಟ್ಟಿದ್ರು.

ಉಳಿದಿದ್ದು ಖಾಲಿ ಜಾಗ. ಮರುದಿನ ಚಾಚಾ ಒಂದು ಉದ್ದ ರಿಜಿಸ್ಟರ್ ತಂದ್ರು, ಹೊಡೆದ ಪ್ರತಿ ಡಿಸೈನಿನ ಒಂದು ಪಾಕೆಟ್ ಪೀಸ್ ಅದ್ರಾಗ ಪಿನ್ ಮಾಡಿ ಇಟ್ಟಾರ, ಇಷ್ಟು ವರ್ಷ. ಹದ್ದಿನ ಪೀಸ್ ಟೇಬಲ್ ಲೈಟ್ ಕೆಳಗ ಇಟ್ಟು ಸೂಜಿ ಮೊನಿಲೆ ದಾರ ಸರಿಸಿ ಎಣಿಸಿದ್ವಿ. ಹೋಗಿದ್ದು ಎಡಗಡಿ ರೆಕ್ಕಿಯ ಎರಡು ಗರಿ ಪೂರ್ತಿ, ಮೂರನೇದು ಅರ್ಧ. ಗರಿಗೆ ಮೊದಲು ಒಂದು ಸಾಲು ರನ್ನಿಂಗ್ ಸ್ಟಿಚ್ ಹೋಗಿ, ವಾಪಸ್ ಬರ್ತಾ ಅದರ ಮ್ಯಾಲೆ ಸ್ಯಾಟಿನ್, ಅಂದ್ರ ಒತ್ತೊತ್ತಾದ ಅಡ್ಡ ಸ್ಟಿಚ್, ತುಂಬೈತಿ. ಬಲಗಡಿ ರೆಕ್ಕಿ ಕನ್ನಡಿಯಾಗಿನ ಬಿಂಬ ಇದ್ದಂಗ ಇತ್ತು, ಅಲ್ಲಿನ ಅದೇ ಗರಿಗಳ ಸ್ಟಿಚ್ ತಗೊಂಡು ಅಡ್ಡದ ಅಂಕಿ ಉಲ್ಟಾ ಮಾಡಿ ತಂದು ಕೂಡಿಸಿದೆ. ಒಟ್ಟು ದೂರ 14.3ರ ಬದಲು 14.1 ಬಂತು, ಎರಡು ಸ್ಟಿಚ್ ಒಂದೊಂದು ಪಾಯಿಂಟ್ ಜಗ್ಗಿದ್ರ ಸರಿ ಆತು. ಕೈ ಹಾಕಿದ್ದೆಲ್ಲಾ ಇಮೇಜಿನ ಕಾಪಿ ಮ್ಯಾಲೆ, ಅದಕ್ಕ ಫ್ಲಾಪಿ ಇಮೇಜಿನ ಒಳಗ ಫೈಲ್ ಹಾಕೋ ಎಂಟೂಲ್ಸ್‌ನಿಂದ ಹೊಸ ಫೈಲ್ ಸೇರಿಸಿದೆ. ಒಂದು ಸೆಕ್ಟರ್ ಖಾಲಿ ಇರೋ ಮೂಲ ಇಮೇಜ್, ಅದರ ಮ್ಯಾಪ್ ಫೈಲ್, ಎರಡೂ ಹಂಗೇ ಬ್ಯಾರೆ ಇಟ್ಟೀನಿ.

ಇದೆಲ್ಲಾ ಮುಗಿದ ಮ್ಯಾಲೆ ಗೋಟೆಕ್, ಅಂದ್ರ ಸಾಹುಕಾರ್ರು ಹೇಳಿದ ಆ ಪೆನ್ ಡ್ರೈವ್ ಡಬ್ಬಿ. ಡ್ರೈವಿನಷ್ಟೇ ದೊಡ್ಡ ಡಬ್ಬಿ, ಅದೇ 34 ಪಿನ್ ಕೇಬಲ್, 5 ವೋಲ್ಟ್ ಸಾಕು, ಮುಂದ ಪೆನ್ ಡ್ರೈವ್ ಜಾಗ, ಮೂರು ಅಂಕಿಯ ಡಿಸ್‌ಪ್ಲೇ, ಎರಡು ಬಟನ್. ಅದರ ಜೊತಿ ಬರೋ ಫರ್ಮ್‌ವೇರ್ ತಗದು ಫ್ಲ್ಯಾಶ್‌ಫ್ಲಾಪಿ ಹಾಕಿದೆ, ಅದು ಓಪನ್ ಸೋರ್ಸು, ಪೆನ್ ಡ್ರೈವ್‌ದಾಗ ಇಮೇಜ್ ಫೈಲ್ ಇದ್ದಂಗೇ ಇಟ್ರ ಸೈಜ್ ನೋಡಿ ಇದು 720 ಅಂತ ತಾನೇ ತಿಳ್ಕಂತೈತಿ. ಬೋರ್ಡ್ ಮ್ಯಾಲೆ ಬೂಟ್ ಪಿನ್ನಿಗೆ 3.3 ವೋಲ್ಟ್ ಪಿನ್ ಕೂಡಿಸಿ, ಎರಡೂ ತುದಿ ಒಂದೇ ಥರ ಇರೋ ಯುಎಸ್‌ಬಿ ಕೇಬಲ್ ಹಚ್ಚಿದ್ರ ಫ್ಲ್ಯಾಶ್ ಆಗ್ತೈತಿ, ಅದ್ರಾಗ ತ್ರಾಸ ಇಲ್ಲ.

ತ್ರಾಸ ಆಗಿದ್ದು ಮಷಿನ್ ಜೊತಿ. ಮೊದಲು ಹಚ್ಚಿದಾಗ ಹಸಿರು ಲೈಟೂ ಹತ್ಲಿಲ್ಲ. ಕಾರಣ ಜಂಪರ್, ಅಂದ್ರ ಇದು ಎಷ್ಟನೇ ಡ್ರೈವ್ ಅಂತ ಹೇಳೋ ಸಣ್ಣ ಪಿನ್ ಕೊಂಡಿ, ಗೋಟೆಕ್‌ದಾಗ ಅದು ಎಸ್1 ಮ್ಯಾಲೆ ಇತ್ತು. ಪಿಸಿ ಕೇಬಲ್ ನಡುವ ಒಂದಿಷ್ಟು ಎಳಿ ತಿರುವಿರ್ತೈತಿ, ಅದಕ್ಕ ಎಸ್1 ಸರಿ, ಈ ಮಷಿನ್ ಕೇಬಲ್ ನೇರ, ಹಳೆ ಡ್ರೈವಿನ ಸ್ವಿಚ್ಚೂ ಸೊನ್ನೆ ಮ್ಯಾಲೆ ಇತ್ತು. ಎಸ್0ಗೆ ಹಾಕಿದೆ, ಲೈಟ್ ಹತ್ತು, ಆದ್ರ ಮಷಿನ್ ಸ್ಕ್ರೀನ್‌ದಾಗ ಡಿಸ್ಕ್ ರೆಡಿ ಇಲ್ಲ ಅಂತ ಬಂತು. ಹಳೆ ಡ್ರೈವ್ ಮತ್ತ ಹಚ್ಚಿ 34ನೇ ಪಿನ್ನಿಗೆ ಮಲ್ಟಿಮೀಟರ್ ಇಟ್ಟೆ, ಡಿಸೈನ್ ಇಲ್ಲದ ಒಂದು ಫ್ಲಾಪಿ ಹಾಕಿ ಮೋಟರ್ ತಿರುಗಿದ ಕೂಡ್ಲೇ 5 ವೋಲ್ಟ್ ಇದ್ದದ್ದು ಸೊನ್ನೆಗೆ ಬಿತ್ತು. ಅಂದ್ರ ಈ ಮಷಿನ್ ಆ ಪಿನ್‌ದಾಗ ಕಾಯೋದು ರೆಡಿ ಸಿಗ್ನಲ್. ಪಿಸಿಯಾಗ ಅದೇ ಪಿನ್ ಡಿಸ್ಕ್ ಬದಲಾತು ಅನ್ನೋದಕ್ಕ ಬಳಸ್ತಾರ, ನಾನು ಕಾನ್ಫಿಗ್ ಫೈಲ್‌ದಾಗ ಇಂಟರ್‌ಫೇಸ್ ಐಬಿಎಂ ಪಿಸಿ ಅಂತ ಕೊಟ್ಟಿದ್ದೆ. ಆ ಪಿನ್‌ದಾಗ ರೆಡಿ ಸಿಗ್ನಲ್ ಕೊಡೋ ಶುಗಾರ್ಟ್ ಅಂತ ಬದಲಾಯಿಸಿದೆ. ಪಟ್ಟಿ ಬಂತು, ಒತ್ತಿದೆ, ಡಿಸೈನ್ ಲೋಡ್ ಆತು.

ಹೆಸರು ತೋರಿಸೋ ಸಣ್ಣ ಸ್ಕ್ರೀನ್ ಹಚ್ಚಬೌದಿತ್ತು, ನಾನು ಬ್ಯಾಡಂತ ಬಿಟ್ಟೆ. ಚಾಚಾಗ ಡಿಸೈನ್ ನೆನಪಿರೋದು ಫ್ಲಾಪಿ ನಂಬರಿಲೆ, ಹದಿನೇಳು ಅಂದ್ರ ಹದ್ದು, ಆರು ಅಂದ್ರ ಗುಲಾಬಿ. ಅದಕ್ಕ ನಂಬರಿಲೆ ಆರಿಸೋ ಇಂಡೆಕ್ಸ್ ಮೋಡ್ ಇಟ್ಟು ಫೈಲ್ ನಂಬರ್ ಚೀಟಿ ನಂಬರ್ ಎರಡೂ ಒಂದೇ ಮಾಡಿದೆ, ಡಿಸ್‌ಪ್ಲೇದಾಗ 017 ಬಂದ್ರ ಅದು ಹದಿನೇಳನೇ ಫ್ಲಾಪಿನೇ. ಮಷಿನ್ ತಪ್ಪಿ ಯಾವ್ದನ್ನೂ ಅಳಿಸಬಾರ್ದು ಅಂತ ರೈಟ್ ಪ್ರೊಟೆಕ್ಟ್ ಆನ್. ಒಂದು ದಿನ ನಡಸಿ ಚಾಚಾ ಅಂದ್ರು, ಎಲ್ಲಾ ಚಲೋ ಐತಿ ಆದ್ರ ಸಪ್ಪಳ ಇಲ್ಲ, ಮೊದಲು ಆ ಕರ್ ಕರ್ ಕೇಳಿ ಲೋಡ್ ಆಗಾಕ ಹತ್ತೈತಿ ಅಂತ ತಿಳಿತಿತ್ತು, ಈಗ ಮಷಿನ್ ಕಡೆನೇ ನೋಡ್ತಾ ನಿಂದರ್ಬೇಕು, ಬಾಬಿನ್ ತುಂಬಾಕ ಆಗಂಗಿಲ್ಲ. ಮಾತು ಖರೇ ಇತ್ತು. ಫ್ಲ್ಯಾಶ್‌ಫ್ಲಾಪಿಗೆ ಸಣ್ಣ ಪೀಜೋ ಬಜರ್ ಹಚ್ಚಿದ್ರ ಟ್ರ್ಯಾಕ್ ಸರಿದಂಗೆಲ್ಲಾ ಟಿಕ್ ಟಿಕ್ ಅಂತೈತಿ, ಎರಡು ವೈರ್ ಬೆಸುಗಿ, ಕಾನ್ಫಿಗ್‌ದಾಗ ಸ್ಟೆಪ್ ವಾಲ್ಯೂಮ್ ಒಂದು ಸಾಲು. ಈಗ ಹದಿನೈದು ಹೊಲಿಗಿ ಮಷಿನ್ ಸದ್ದಿನ ನಡುವನೂ ಚಾಚಾಗ ಅದು ಕೇಳಿಸ್ತೈತಿ.

ಹದ್ದು ಆರೂ ಹೆಡ್ಡಿನ್ಯಾಗ ಒಮ್ಮೆಗೇ ಹೊಡದ್ವಿ. ಚಾಚಾ ಹೊಸ ಪೀಸ್ ತಗೊಂಡು ರಿಜಿಸ್ಟರಿನ ಹಳೇದರ ಪಕ್ಕ ಇಟ್ಟು ಬೆರಳಾಡಿಸಿ, ಎರಡನೇ ಗರಿ ತುದಿ ಒಂದು ದಾರ ಹೆಚ್ಚು ಮೊನಚಾಗೈತಿ ಅಂದ್ರು, ಆಮ್ಯಾಲೆ ಇರ್ಲಿ ಬಿಡು ಹಿಂಗೇ ಚಲೋ ಕಾಣ್ತೈತಿ ಅಂದು ಅದನ್ನೂ ಅಲ್ಲೇ ಪಿನ್ ಮಾಡಿದ್ರು. ಇಮೇಜ್‌ಗಳ ಒಂದು ಸೆಟ್ ಮಷಿನ್ ಪೆನ್ ಡ್ರೈವ್‌ದಾಗ, ಒಂದು ಸಾಹುಕಾರ್ರ ಮನಿಯಾಗ, ಒಂದು ನನ್ನ ಕಡೆ, ಫೈಲ್ ಕೆಟ್ಟೈತೇನು ಅಂತ ತಿಳಿಯಾಕ ಪ್ರತಿ ಫೈಲಿನ ಚೆಕ್‌ಸಮ್ ಒಂದು ಪಟ್ಟಿಯಾಗ. ಫ್ಲಾಪಿ ಕಸಕ್ಕ ಹೋಗ್ಲಿಲ್ಲ, ಟೇಪ್ ಬಿಚ್ಚಿ ಸಿಲಿಕಾ ಜೆಲ್ ಹಾಕಿ ಡಬ್ಬಿಯಾಗ ಮುಚ್ಚಿಟ್ಟೀನಿ.

31ನೇದು ಇನ್ನೂ ಬಾಕಿ ಐತಿ. ಅದ್ರಾಗ ನಾಲ್ಕು ಸೆಕ್ಟರ್ ಹೋಗ್ಯಾವು, ಡಿಸೈನ್ ಎರಡು ಕಡೆ ಸಮ ಇರೋದಲ್ಲ, ರಿಜಿಸ್ಟರ್‌ದಾಗ ಅದರ ಪೀಸ್ ಇದ್ದ ಹಾಳಿ ಯಾರೋ ಹರದಾರ. ಗ್ರೀಸ್‌ವೀಝಲ್ ಬೋರ್ಡ್ ತರಿಸೀನಿ, ಅದು ಸೆಕ್ಟರ್ ಬಿಟ್ಟು ಡಿಸ್ಕ್ ಮ್ಯಾಲಿನ ಕಾಂತದ ಏರಿಳಿತನೇ ಇದ್ದಂಗ ತಗೊಂತೈತಿ, ಒಂದೇ ಟ್ರ್ಯಾಕ್ ಹಲವು ಸುತ್ತು ಓದಿಸಿ ಅದ್ರಾಗ ಏನರ ಸಿಗ್ತೈತೇನು ನೋಡ್ಬೇಕು. ಚಾಚಾ ಅಕಡೆ ತಮ್ಮ ಓಣಿಯಾಗ ಆ ಡಿಸೈನಿನ ಹಳೆ ಪ್ಯಾಂಟ್ ಯಾರ ಮನಿಯಾಗ ಉಳದೈತಿ ಅಂತ ಕೇಳಾಕ ಹತ್ತ್ಯಾರ.